ಮದುವೆ ಮೊಳೆ

ನಂಜನಗೂಡಿನಲ್ಲಿದ್ದ ನನ್ನ ಸೋದರಮಾವನ ಅಚ್ಚುಕೂಟದಲ್ಲಿ ಸೀಸದ ಅಚ್ಚುಮೊಳೆಗಳು ಬಗೆಬಗೆಯವಿದ್ದವು. ಜನ ಕೇಳಿಕೊಂಡು ಬರುತ್ತಿದ್ದದ್ದು ಮಾತ್ರ ಒಂದೇ ಬಗೆಯ ಅಕ್ಷರವನ್ನು. ದಪ್ಪ ಹೊಟ್ಟೆ, ಕೂದಲೆಳೆಯಂಥ ಕತ್ತು, ತಲೆಕಟ್ಟಿನ ತುದಿಗೆ ಸುರುಳಿ, ಗೆರೆ ಮುಗಿಯುವಲ್ಲೆಲ್ಲ ಒಂದು ಪುಟ್ಟ ಪಾದ. ಎರಕ ಹೊಯ್ದವರು ಅದಕ್ಕೆ ಏನು ಹೆಸರಿಟ್ಟಿದ್ದರೋ, ನಮ್ಮ ಬಾಯಲ್ಲಿ ಅದು 'ಮದುವೆ ಮೊಳೆ'. ಲಗ್ನಪತ್ರಿಕೆಯಲ್ಲಿ ಹುಡುಗ ಹುಡುಗಿಯ ಹೆಸರಿಗಷ್ಟೇ ಅದು. ಮಿಕ್ಕಿದ್ದಕ್ಕೆಲ್ಲ ಸಾದಾ ಅಕ್ಷರ.

ನಾನು ತಾತನ ಪಕ್ಕ ನಿಂತು ಮೊಳೆ ಜೋಡಿಸಲು ಕಲಿತವಳು. ತಾತನದೊಂದು ಕಟ್ಟಳೆಯಿತ್ತು: ಮದುವೆ ಮೊಳೆ ತಿಥಿ ಕಾರ್ಡಿಗೆ ಹೋಗಕೂಡದು. ಕೈತಪ್ಪಿ ಹೋದರೆ ಅದು ಮತ್ತೆ ಮದುವೆ ಕೇಸಿನ, ಅಂದರೆ ಆ ಮೊಳೆಗಳನ್ನಿಡುವ ಮರದ ತಟ್ಟೆಯ, ಮನೆಯೊಳಕ್ಕೆ ಬರುವ ಹಾಗಿಲ್ಲ. ತಾತ ಹೋದಮೇಲೂ ಮಾವ ಅದನ್ನು ಮೀರಿರಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಬಂತು. ಬಿಲ್ಲುಪುಸ್ತಕ, ಕರಪತ್ರ ಎಲ್ಲ ಅತ್ತ ಹೋದವು. ನಮಗೆ ಉಳಿದದ್ದು ಮದುವೆ ಕೆಲಸ, ಅದೂ ಈ ಅಕ್ಷರದ ದೆಸೆಯಿಂದ. ಮೊಳೆ ಎರಕ ಹೊಯ್ಯುವವರು ಬಾಗಿಲು ಹಾಕಿಯಾಗಿತ್ತು. ಕೆಲವು ಅಕ್ಷರಗಳಿಗೆ ಒಂದೊಂದೇ ಮೊಳೆ ಉಳಿದಿತ್ತು.

ಆ ದಿನಗಳಲ್ಲೇ ಬದನವಾಳು ಕಡೆಯಿಂದ ಒಬ್ಬ ಅಪ್ಪ ಮಗಳು ಬಂದರು. ಮದುವೆ ಅವಳದೇ. ಗೋಡೆಗೆ ಅಂಟಿಸಿದ್ದ ಮಾದರಿ ಹಾಳೆಯ ಮೇಲೆ ಬೆರಳಾಡಿಸಿ, "ಅಪ್ಪಾ, ಇದೇಯ. ನೋಡು, ಬಳೆ ತೊಟ್ಕಂಡಂಗದೆ" ಅಂದಳು.

"ಅಕ್ಷರಕ್ಕೂ ಒಡವೆ ಬೇಕೇನವ್ವಾ?" ಅಂದರು ಮಾವ.

"ನಮ್ಮಪ್ಪ ನಂಗಂತೂ ಆಕ್ಸಾಕಿಲ್ಲ. ನನ್ನೆಸ್ರಿಗಾದ್ರೂ ಇರ್ಲಿ ಬುಡಿ ಸಾ."

"ಲಗ್ನದ್ ಮನೇಲೂ ಇಂಗೇ ಬಾಯ್ ಬುಟ್ಟೀಯ, ಉಷಾರು!" ಅಂತ ಗದರಿದ ಅಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಕಾರ್ಡು ಅಚ್ಚಾಯಿತು. ಮದುವೆ ಮುಗಿಯುವವರೆಗೆ ಕಟ್ಟಿದ ಮೊಳೆ ಬಿಚ್ಚುವುದಿಲ್ಲ; ಕಾರ್ಡು ಸಾಲದೆ ಬಂದರೆ ಇನ್ನಷ್ಟು ಒತ್ತಿಕೊಡಬೇಕಲ್ಲ. ದಾರ ಸುತ್ತಿ ಹಲಗೆಯ ಮೇಲಿಟ್ಟೆ.

ಲಗ್ನಕ್ಕೆ ಮುಂಚೆ ಅವಳಿಗೆ ಜ್ವರ ಬಂತಂತೆ. ಕಾರು ಮಾಡಿಕೊಂಡು ಮೈಸೂರಿನ ಆಸ್ಪತ್ರೆಗೆ ಹೊರಟವರು ತಾಂಡವಪುರ ದಾಟುವ ಮೊದಲೇ ಹಿಂದಿರುಗಿದರಂತೆ. ಇದನ್ನು ಹೇಳಿದವನು ತಿಥಿ ಕಾರ್ಡು ಹಾಕಿಸಲು ತನ್ನ ಅಣ್ಣನ ಜೊತೆ ಬಂದ ಅದೇ ಅಪ್ಪ.

"ವಯಸ್ಸಾದೋರ್ಗೆ ಮಾಡ್ಸೋ ಕಾರ್ಡು. ಈ ಕೂಸ್ಗೆ ಯಾಕ್ಲಾ ಅಂದ್ರೆ ಕೇಳಾಕಿಲ್ಲ ಇವ್ನು" ಅಂದ ಅಣ್ಣ.

"ಮದ್ವೆಗೆ ಕರ್ದಿದ್ನಲ್ಲಣ್ಣ ಎಲ್ಲಾರ್ನೂವೆ. ಇದ್ಕೂ ಕರೀಬೇಕಲ್ಲ."

ಮಾವ ಸಾದಾ ಅಕ್ಷರದ ಕೇಸು ಎಳೆದರು. ಅಪ್ಪನ ಕಣ್ಣು ದಾರ ಸುತ್ತಿದ ಕಟ್ಟಿನ ಮೇಲೆ ನಿಂತಿತು.

"ಅದು ನಮ್ಮುಡ್ಗೀದಲ್ವ ತಾಯಿ?"

ನಾನು ಹೌದೆಂದೆ.

"ಅವ್ಳೆಸ್ರ ಅದ್ರಲ್ಲೇ ಆಕ್ಬುಡಿ ಸಾ."

"ಲೇ, ತಲೆಗಿಲೆ ಕೆಟ್ಟದೇನ್ಲಾ? ಸಾವಿನ್ ಕಾಗ್ದಕ್ಕೆ ಮದ್ವೆ ಅಕ್ಸರವಾ? ಊರೋರು ಉಗುದ್ಬುಟ್ಟಾರು!"

"ಉಗೀಲಿ. ಅವ್ಳು ಬಾಯ್ಬುಟ್ಟು ಕೇಳಿದ್ದು ಅದೊಂದೇ ಕಣಣ್ಣ."

ಮಾವ ಸ್ಟೂಲು ಎಳೆದುಕೊಂಡು ಅವನೆದುರು ಕೂತರು. "ನೋಡಪ್ಪ, ಇವು ಒಂದ್ಸಲ ಇದಕ್ಕೆ ಹೋದ್ರೆ ವಾಪಸ್ಸು ಕೇಸಿಗೆ ಹಾಕಂಗಿಲ್ಲ, ನಮ್ಮಪ್ಪನ ಮಾತು. ಹೊಸಾದು ಸಿಕ್ಕೋದೂ ಇಲ್ಲ. ನಿನ್ನ ಮಗಳ ಹೆಸರಲ್ಲಿರೋ ಅಕ್ಷರ ಇಲ್ದೆ ನಾಳೆ ಯಾರ ಹೆಸರು ಕಟ್ಟಲಿ ಹೇಳು? ಇದೊಂದೇ ನಮ್ಮನ್ನ ಸಾಕ್ತಿರೋದು."

ಅವನು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. "ಆಗ್ಲಿ ಬುಡಿ ಸಾ. ನಿಮ್ಮೊಟ್ಟೆಪಾಡು. ಮಾಮೂಲಿದ್ರಲ್ಲೇ ಆಕಿ" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮಾವ ಗಟ್ಟಿಯಾಗಿಯೇ ಉಳಿಯುತ್ತಿದ್ದರೇನೋ.

ಅವನು ಹೊಸಿಲು ದಾಟುವುದರಲ್ಲಿದ್ದ. ಮಾವ ಮೆಷಿನ್ನಿನ ಕಡೆ ತಿರುಗಿಕೊಂಡು, ನನ್ನ ಮುಖ ನೋಡದೆ, "ಆ ಸಾಲು ಬಿಚ್ಚಿಕೊಡಮ್ಮ" ಅಂದರು. ಅಪ್ಪ ಒಳಗೆ ಬಂದು ಮೆಷಿನ್ನಿನ ಪಕ್ಕ ನಿಂತ.

ದಾರ ಬಿಚ್ಚಿದೆ. ಹೆಸರಿನ ಮುಂದೆ 'ಚಿ. ಸೌ.' ಇತ್ತು. ಚಿಮುಟದಲ್ಲಿ ಅದನ್ನು ಕಿತ್ತು ಕೇಸಿಗೆ ಹಾಕಿದೆ. ಆ ಸಾಲಿನಿಂದ ಕೇಸಿಗೆ ಹಿಂದಿರುಗಿದ್ದು ಅಷ್ಟೇ. ಮಿಕ್ಕ ಸಾಲುಗಳನ್ನು ಸಾದಾ ಅಕ್ಷರದಲ್ಲಿ ಜೋಡಿಸಿ, ಸುತ್ತ ಕಪ್ಪು ಗೆರೆ ಕೂಡಿಸಿ ಕೊಟ್ಟೆ. ಮಾವ ಟ್ರೆಡಲ್ ಮೆಷಿನ್ನು ತುಳಿದರು. ಮೊದಲನೇ ಹಾಳೆಯನ್ನು ಅಪ್ಪ ಎರಡೂ ಕೈಯಲ್ಲಿ ಹಿಡಿದು, ಮಸಿ ಆರದ ಹೆಸರನ್ನು ಮುಟ್ಟದೆ, ಸುಮ್ಮನೆ ನೋಡಿದ. ಅಣ್ಣ ಹೊರಗೆ ಹೋಗಿ ನಿಂತುಕೊಂಡ.

ಆ ಮೊಳೆಗಳನ್ನು ತೊಳೆದು, ಮತ್ತೆ ದಾರ ಸುತ್ತಿ, ಕಿಟಕಿಯ ಕಟ್ಟೆಯ ಮೇಲಿಟ್ಟೆವು. ಕರಗಿಸಲು ಕೊಡೋಣವೇ ಎಂದು ನಾನೂ ಕೇಳಲಿಲ್ಲ, ಮಾವನೂ ಹೇಳಲಿಲ್ಲ.

ಮುಂದಿನ ಲಗ್ನದ ಕಾಲಕ್ಕೆ ಟಿ. ನರಸೀಪುರದಿಂದ ಒಬ್ಬರು ಮಗನ ಮದುವೆ ಕಾರ್ಡಿಗೆ ಬಂದರು. ಕಂಪ್ಯೂಟರ್ ಅಕ್ಷರ ಬಡಕಲಾಗಿ ಕಾಣುತ್ತದೆಂದು ಇಲ್ಲಿಯವರೆಗೆ ಬಂದಿದ್ದರು. ಸೊಸೆಯಾಗುವವಳ ಹೆಸರು ಬರೆದುಕೊಟ್ಟರು. ಮಾವ ಓದಿ, ಕೇಸಿನಲ್ಲಿ ಖಾಲಿಯಿದ್ದ ಮನೆಯನ್ನೊಮ್ಮೆ ನೋಡಿ, ಚೀಟಿ ವಾಪಸು ಕೊಟ್ಟರು.

"ಇದರಲ್ಲಿ ಒಂದಕ್ಷರ ನಮ್ಮಲ್ಲಿಲ್ಲ."

"ಅಯ್ಯೋ, ಅಲ್ಲೇ ಕಟ್ಟಿ ಮಡಗಿದ್ದೀರಲ್ಲ ಸಾ, ಕಿಟ್ಕೀಲಿ!"

"ಅದು ಬೇರೆ ಹುಡುಗೀದು ಕಣಪ್ಪ" ಅಂದ ಮಾವ ಬೀದಿಗಿಳಿದು ಬಸ್‌ಸ್ಟ್ಯಾಂಡಿನ ಕಡೆ ಕೈ ತೋರಿಸಿದರು.

ಆ ವರ್ಷ ನಮ್ಮ ಮೆಷಿನ್ನಿನಲ್ಲಿ ಹೆಚ್ಚಾಗಿ ಒತ್ತಿದ್ದು ತಿಥಿ ಕಾರ್ಡುಗಳೇ.