ಮಂಡಿಗೆ ಬಿಟ್ಟ ಎಣ್ಣೆ

ಬಟ್ಟೆ ಸರಿಸಿ ನೋಡಿದ ಹೊಲಿಗೆಯಮ್ಮನ ಎದೆ ಧಸಕ್ಕೆಂದಿತು. ಬಲಮಂಡಿ ಕುಂಬಳಕಾಯಿಯಂತೆ ಊದಿಕೊಂಡಿತ್ತು.

ಹರೆಯದಿಂದಲೂ ಮಿಷನ್ ತುಳಿದು ಸಂಸಾರ ತೂಗಿಸಿದವಳು ಆಕೆ. ಮಂಡಿ ಸವೆದು, ಪೆಡಲ್ ತುಳಿದರೆ ಜೀವ ಹೋದಂತಾಗುತ್ತಿತ್ತು. ಅಂದು ಬೆಳಿಗ್ಗೆ ಡಾಕ್ಟರು ಮಂಡಿಯೊಳಗೇ ಇಂಜೆಕ್ಷನ್ ಕೊಟ್ಟು, "ಸವೆದ ಕೀಲಿಗೆ ಎಣ್ಣೆ ಬಿಟ್ಟ ಹಾಗೆ ಅಂದ್ಕೊಳ್ಳಿ. ಎರಡು ದಿನ ಕಾಲಿಗೆ ಕೆಲಸ ಕೊಡಬೇಡಿ" ಎಂದಿದ್ದರು. ಮೊದಲ ಮಾತು ಆಕೆಯ ಮನಸ್ಸಿಗೆ ನಾಟಿತು, ಎರಡನೆಯದು ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಮಿಷನ್ನಿಗೆ ಎಣ್ಣೆ ಬಿಟ್ಟ ಮೇಲೆ ದಾರ ತೆಗೆದು ಖಾಲಿ ಓಡಿಸಿದರೆ ತಾನೇ ಎಣ್ಣೆ ಮೂಲೆಮೂಲೆಗೂ ಇಳಿಯುವುದು? ಮನೆಗೆ ಬಂದವಳೇ ಸಂಜೆಯವರೆಗೂ ಹಾಗೆಯೇ ತುಳಿದಿದ್ದಳು.

"ಅಯ್ಯೋ ಅತ್ತೆ, ಏನ್ ಮಾಡ್ಕೊಂಡ್ರಿ ಇದು!" ಎಂದು ಸೊಸೆ ಬಾಯಿ ಬಾಯಿ ಬಡಿದುಕೊಂಡಳು.

"ಎಣ್ಣೆ ಇಳೀಲಿ ಅಂತ ಓಡಿಸ್ದೆ ಕಣೇ. ಇನ್ನು ನನ್ನ ಕೈಲಿ ಹೊಲಿಯೋಕಾಗುತ್ತೋ ಇಲ್ವೋ!"

ಆಟೋದಲ್ಲಿ ಮತ್ತೆ ಆಸ್ಪತ್ರೆಗೆ ಹೋದರು. ಕಥೆ ಕೇಳಿದ ಡಾಕ್ಟರು ಹಣೆ ಚಚ್ಚಿಕೊಂಡರು. ಆಮೇಲೆ ಮಂಡಿಯನ್ನು ಒತ್ತಿ ನೋಡಿ, "ಇದು ಕಬ್ಬಿಣ ಅಲ್ಲಮ್ಮ! ಪುಣ್ಯಕ್ಕೆ ಬರೀ ಊತ. ಐಸ್ ಇಡಿ, ಮಲ್ಕೊಳ್ಳಿ. ಇಳಿದ ಮೇಲೆ ನಿಧಾನಕ್ಕೆ ಹೊಲೀಬಹುದು" ಎಂದರು.

ಹೊಲಿಗೆಯಮ್ಮನಿಗೆ ಹೋದ ಉಸಿರು ಬಂದಿತು, ಆದರೆ ಬೆರಗು ಹೋಗಲಿಲ್ಲ. "ಎಣ್ಣೆ ಬಿಟ್ಟು ಸುಮ್ನೆ ಇಡೋದಾ? ಎಲ್ಲಾದ್ರೂ ಉಂಟಾ!"

ಸೊಸೆ ಅತ್ತೆಯನ್ನು ನಂಬಲಿಲ್ಲ. ಮನೆಗೆ ಬಂದವಳೇ ಮಿಷನ್ನಿನ ಬೆಲ್ಟು ಬಿಚ್ಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.