ಚಿನೂಕ್ ಗೀಟುಗಳಲ್ಲಿ ಬಂದ ಕನ್ನಡ

ಆಗೆಲ್ಲ ಮಾನ್ಮತ್ ಜಂಕ್ಷನ್ ಎಂಬ ಊರಿನ ನಮ್ಮ ಮನೆಯಲ್ಲಿ ಚಳಿಗಾಲದ ಸಂಜೆಯೆಂದರೆ ಇಂಗಿನ ಒಗ್ಗರಣೆಯ ಘಮ, ಸಾರಿನ ಹಬೆಗೆ ಮಸುಕಾದ ಕಿಟಕಿ. ಅಪ್ಪ ಮ್ಯಾನ್‌ಹಟನ್ನಿನ ಕಾಲೇಜೊಂದರಲ್ಲಿ ಭಾಷಾವಿಜ್ಞಾನ ಕಲಿಸುತ್ತಿದ್ದರು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ನಾನೂ ತಮ್ಮ ಚೇತುವೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆವು.

ಸ್ನೋ ಬಿದ್ದು ಶಾಲೆಗೆ ರಜೆ ಕೊಟ್ಟಿದ್ದ ಒಂದು ದಿನ ಅಪ್ಪ ಊಟದ ಮೇಜಿನ ಮೇಲೆ ಜೆರಾಕ್ಸ್ ಹಾಳೆಗಳನ್ನು ಹರಡಿದರು. ತುಂಬ ಸುನ್ನೆ, ಗೀಟು, ಕೊಕ್ಕೆ.

“ಇದು ಶಾರ್ಟ್‌ಹ್ಯಾಂಡ್ ಕಣೆ ಪುಟ್ಟಿ. ಕೆನಡಾದ ಪಶ್ಚಿಮದಲ್ಲಿ ಒಬ್ಬ ಪಾದ್ರಿ ಇದ್ರಲ್ಲೇ ಪತ್ರಿಕೆ ಮಾಡ್ತಿದ್ದ. ಭಾಷೆ ಚಿನೂಕ್. ಅಲ್ಲಿನ ಮೂಲನಿವಾಸಿಗಳು, ವ್ಯಾಪಾರಕ್ಕೆ ಬಂದೋರು, ಎಲ್ಲ ಸೇರಿದಾಗ ಆಡ್ತಿದ್ದ ಮಾತು.”

“ಅಟ್ ಹೋಮ್ ಆಲ್ಸೋ?” ಎಂದೆ.

“ಮನೇಲಿ ಅವರವರದೇ ಭಾಷೆ. ಆಮೇಲೆ ಬಿಳಿಯರು ನಡೆಸ್ತಿದ್ದ ಬೋರ್ಡಿಂಗ್ ಶಾಲೆಗಳಲ್ಲಿ ಆ ಮನೆಮಾತು ಆಡಿದ್ರೆ ಮಕ್ಕಳಿಗೆ ಹೊಡೀತಿದ್ರು.” ಅಪ್ಪ ಹಾಳೆಯಿಂದ ತಲೆಯೆತ್ತಿ, “ನಿಮಗೆ ಯಾರೂ ಹೊಡೀಲಿಲ್ಲ. ಆದ್ರೂ ಬಿಟ್ಬಿಟ್ರಿ” ಎಂದರು.

ನನಗೆ ಚುರುಕ್ಕೆಂದಿತು. ಆ ಗೀಟುಗಳನ್ನು ಹಟ ಹಿಡಿದು ಕಲಿತೆ. ಚೇತುವೋ ಚಿನೂಕಿನಲ್ಲಿ ಊಟಕ್ಕೆ ‘ಮಕಮಕ್’ ಎನ್ನುವುದನ್ನು ಕಲಿತು ತಟ್ಟೆ ಬಡಿಯುತ್ತಿದ್ದ. “ಅನ್ನ ಅನ್ನೋಕೆ ಬರಲ್ಲ, ಇದು ಬರತ್ತಾ!” ಎಂದು ಅಮ್ಮ ರೇಗುತ್ತಿದ್ದಳು.

ಆ ಗೀಟುಗಳದ್ದು ಸದ್ದಿನ ಲಿಪಿ, ಯಾವ ಭಾಷೆಯಾದರೂ ಸರಿ, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆಯಬಹುದಿತ್ತು. ಒಂದು ಸಂಜೆ ಮಸುಕು ಗಾಜಿನ ಮೇಲೆ ಬೆರಳಿನಿಂದ ಗೀಚಿದೆ.

“ಏನೇ ಅದು?” ಅಮ್ಮ ಕೇಳಿದಳು.

ಗೀಟಿನ ಮೇಲೆ ಬೆರಳಿಟ್ಟು ಓದಿದೆ: “ಅಮ್ಮಾ, ನಂಗೆ ಸಾರನ್ನ ಬೇಕು.”

ಸೌಟು ಹಿಡಿದ ಅಮ್ಮ ಹಾಗೇ ನಿಂತಳು. ಆಗತಾನೇ ಟ್ರೇನ್ ಇಳಿದು ಬಂದಿದ್ದ ಅಪ್ಪ ಬೂಟು ಸಹ ಬಿಚ್ಚದೆ, “ಇನ್ನೊಂದ್ಸಲ ಹೇಳು ಮರಿ” ಎಂದರು. ಹೇಳಿದೆ. ಮತ್ತೆ ಕೇಳಿದರು. ಆ ಚಳಿಗಾಲವೆಲ್ಲ ನಾವು ಗಾಜಿನ ಮೇಲೆ ಬರೆದೆವು, ಕನ್ನಡದಲ್ಲಿ ಓದಿದೆವು, ನಮ್ಮ ಉಚ್ಚಾರಣೆಗೆ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಹಿಮ ಕರಗಿತು, ಸಾಕರ್ ಶುರುವಾಯಿತು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ, ಇಂಗ್ಲಿಷ್ ತಾನಾಗಿ ಮರಳಿತು. ಕನ್ನಡದ ಓದು ಬರಹವನ್ನು ದೊಡ್ಡವಳಾದ ಮೇಲೆ ಕಲಿತೆ. ಆಡುಮಾತು ಮಾತ್ರ ನಾಲಗೆಗೆ ಸರಿಯಾಗಿ ಬರಲೇ ಇಲ್ಲ.

ಅಪ್ಪ ಹೋದ ದಿನ ದೂರದ ಊರಲ್ಲಿದ್ದ ಚೇತುವಿಗೆ ನಾನೇ ಫೋನ್ ಮಾಡಿದೆ. ಕನ್ನಡದಲ್ಲಿ ಹೇಳೋಣವೆಂದು ಬಾಯಿ ತೆರೆದೆ. ಮಾತು ಸಿಗಲಿಲ್ಲ. ಇಂಗ್ಲಿಷಿನಲ್ಲೇ ಹೇಳಿದೆ. ಅವನೂ ಇಂಗ್ಲಿಷಿನಲ್ಲೇ ಅತ್ತ.