ರೊಟ್ಟಿ ಬಡಿಸುವ ಕ್ಲಾಸು

ವಿದ್ಯಾವತಿಗೆ ಉಳಿದಿದ್ದು ಒಂದೇ ಆಸೆ: ಯಾರಿಗಾದರೂ ಏನನ್ನಾದರೂ ಕಲಿಸಬೇಕು. ಬಿ.ಎಡ್ ಮುಗಿಸಿದ ಬೆನ್ನಿಗೇ ನಿಡೋಣಿ ಹಳ್ಳಿಯ ತುಂಬಿದ ಮನೆಗೆ ಸೊಸೆಯಾಗಿ ಬಂದವಳು ಶಾಲೆಯ ಹಲಗೆ ಮುಟ್ಟಲೇ ಇಲ್ಲ, ಮುಟ್ಟಿದ್ದೆಲ್ಲ ಸೌಟು. ಗಂಡ ಅರುಣಕುಮಾರ ಪೈಪು, ಮೋಟಾರಿನ ಅಂಗಡಿ ಹಾಕಿ ವಿಜಯಪುರದ ಅಥಣಿ ರಸ್ತೆಯಲ್ಲಿ ಮನೆ ಕಟ್ಟಿಸಿದ. ಒಲೆ ಬದಲಾಯಿತು, ಕೆಲಸ ಬದಲಾಗಲಿಲ್ಲ. ಬೀಗರು, ಗಿರಾಕಿಗಳು, ಊರಿನವರು ಬರುವುದು, ಉಣ್ಣುವುದು, "ಭಾಳ ಛಲೋ ಆಗಿತ್ರಿ" ಎನ್ನುತ್ತ ಕೈ ಒರೆಸಿಕೊಂಡು ಹೋಗುವುದು. ಹೇಗೆ ಮಾಡಿದಿರಿ ಎಂದು ಕೇಳಿದ ಒಂದು ನರಪಿಳ್ಳೆಯೂ ಇರಲಿಲ್ಲ.

ಕೊನೆಗೆ ಗೋಳಗುಮ್ಮಟ ನೋಡಲು ಬರುವ ಪ್ರವಾಸಿಗರಿಗೆ ಮನೆಯಲ್ಲೇ ಅಡುಗೆ ಕಲಿಸುವ ಕ್ಲಾಸು ಶುರುಮಾಡಿದಳು. ಮೊದಲ ಸಲ ಪುಣೆಯ ಹುಡುಗಿಯರು ಬಂದರು. ಅವರಿನ್ನೂ ಹಿಟ್ಟಿಗೆ ಕೈ ಹಾಕಿದ್ದರೋ ಇಲ್ಲವೋ, ಅತ್ತೆ ಮುರಿಗೆವ್ವ ಬಂದು ಹಿಟ್ಟು ನಾದುವ ಪರಾತವನ್ನೇ ಎಳೆದುಕೊಂಡಳು.

"ಮನಿಗೆ ಬಂದವರ ಕೈಲೆ ದುಡಸ್ತೀಯೇನ ಬೇ? ಮಂದಿ ಏನಂದಾರು!"

ರೊಟ್ಟಿ ಅತ್ತೆ ಬಡಿದಳು. ಹುಡುಗಿಯರು ಫೋಟೊ ಹೊಡೆದುಕೊಂಡು, ಉಂಡು, ಹೋದರು. ವಿದ್ಯಾವತಿಗೆ ಅಳು ಬಂದಿತ್ತು.

ಎರಡನೆಯ ಸಲ ಜಾಗ ಬಿಟ್ಟುಕೊಡಬಾರದು ಎಂದುಕೊಂಡಳು. ಅತ್ತೆಗೆ ಒಲೆ ಹತ್ತಿರ ಬರಕೂಡದು ಎಂದು ಬೆಳಿಗ್ಗೆಯೇ ತಾಕೀತು ಮಾಡಿದಳು. ಮೊಬೈಲಿನಲ್ಲಿ ತಾನೇ ಜಾಹೀರಾತು ಬರೆದು ಹಾಕಿದ್ದಳು: "ನಮ್ಮ ಮನೆಗೆ ಬನ್ನಿ, ಬಿಸಿ ಬಿಸಿ ಜೋಳದ ರೊಟ್ಟಿ ಬಡಿಸುತ್ತೇವೆ." ಅದನ್ನು ನೋಡಿ ಮೈಸೂರಿನ ಸಂಪದಾ ಮತ್ತು ಅವಳ ಗಂಡ ಧೀರೇಂದ್ರ ಮಧ್ಯಾಹ್ನ ಬಿಸಿಲಲ್ಲಿ ಬೆವರುತ್ತ ಬಂದರು. ವಿದ್ಯಾವತಿ ಇಬ್ಬರನ್ನೂ ಚಾಪೆಯ ಮೇಲೆ ಕೂರಿಸಿ, ಮುಂದೆ ಹಿಟ್ಟಿನ ಪರಾತ ಇಟ್ಟಳು.

ಸಂಪದಾ ಪರಾತ ನೋಡಿದಳು, ಗಂಡನ ಮುಖ ನೋಡಿದಳು. "ಬಡಿಸ್ತೀವಿ ಅಂತ ಹಾಕಿದ್ರಲ್ಲ, ಮೇಡಂ?"

"ಹೌದ್ರಿ, ಬಡಸ್ತೀನಿ. ನಿಮ್ಮ ಕೈಲೇ ಬಡಸ್ತೀನಿ. ಹಿಟ್ಟಿಗೆ ಕೈ ಹಾಕ್ರಿ."

"ಅಲ್ಲ, ನಾವು ಊಟಕ್ಕೆ ಬಂದಿರೋದು. ಬೆಳಿಗ್ಗೆ ತಿಂಡೀನೂ ತಿಂದಿಲ್ಲ."

ವಿದ್ಯಾವತಿಯ ಕೈ ಹಾಗೇ ನಿಂತಿತು. ವಿಜಯಪುರದಲ್ಲಿ ಊಟಕ್ಕೆ ನೀಡುತ್ತಾರೆ, ಬಡಿಯುವುದು ರೊಟ್ಟಿಯನ್ನು, ಅದನ್ನು ಬೇರೆಯವರ ಕೈಲಿ ಮಾಡಿಸಿದರೆ ಬಡಿಸುವುದು. ಮೈಸೂರಿನಲ್ಲಿ ಊಟವನ್ನೇ ಬಡಿಸುತ್ತಾರೆ. ಇಷ್ಟು ಓದಿದ ಹೆಂಗಸಿಗೆ ಬರೆಯುವಾಗ ಅದು ಹೊಳೆಯಬಾರದಿತ್ತೇ? ತನ್ನ ತಲೆಗೆ ತಾನೇ ಮೊಟಕಿಕೊಳ್ಳಬೇಕು ಅನ್ನಿಸಿತು ಅವಳಿಗೆ.

"ಒಂದ್ ರೊಟ್ಟಿ ಆದ್ರೂ ಬಡದ ನೋಡ್ರಿ," ಎಂದು ಬೇಡಿಕೊಂಡಳು.

ಪಾಪ, ಸಂಪದಾ ಒಪ್ಪಿದಳು. ಉಂಡೆ ಮಾಡಿ, ಅಂಗೈಯಿಂದ ಮೆಲ್ಲಗೆ ಬಡಿದಳು. ಅಂಚು ಬಿರಿಯಿತು. "ಬಿರೀಲಿ ಬಿಡ್ರಿ, ಮತ್ತ ನಾದ್ರಿ," ಎನ್ನುವಾಗ ವಿದ್ಯಾವತಿಯ ದನಿಯಲ್ಲಿ ಎಂದೂ ಇಲ್ಲದ ಗತ್ತು ಬಂತು. ಸಂಪದಾ ಮತ್ತೆ ನಾದಿದಳು. ಈ ಸಲ ರೊಟ್ಟಿ ಅಂಗೈಯಷ್ಟಗಲ ದುಂಡಗೆ ಬಂತು. ಅವಳ ಮುಖವೂ ಅರಳಿತು. ಅಷ್ಟರಲ್ಲಿ ಹಿಂದಿನಿಂದ ಎರಡು ಕೈ ಬಂದು ಆ ರೊಟ್ಟಿಯನ್ನು ಎತ್ತಿಕೊಂಡವು.

"ಸಾಕ ಬಿಡವ್ವಾ, ಹಸದೀರಿ. ನಾ ಆಗಲೇ ಹಿತ್ತಲದಾಗ ಒಲಿ ಹೂಡಿ ಬಡದ ಇಟ್ಟೇನಿ," ಎಂದಳು ಮುರಿಗೆವ್ವ.

"ಅತ್ತೀ, ಬಿಡ್ರಿ ಅದನ್ನ!"

ವಿದ್ಯಾವತಿ ಕೂಗಿದರೂ ಅತ್ತೆ ತಾನು ಬಡಿದ ರೊಟ್ಟಿಯ ತಾಟುಗಳನ್ನು ತಂದಿಟ್ಟಳು. ಬಂದವರು ತಲೆ ತಗ್ಗಿಸಿ ಎಣ್ಣೆಗಾಯಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಚ್ಚಿಕೊಂಡು ಉಂಡರು. ಹೊರಡುವಾಗ ಧೀರೇಂದ್ರ ಮುರಿಗೆವ್ವನ ಕಾಲಿಗೆ ನಮಸ್ಕರಿಸಿದ. ಕಲಿಸಿದವಳಿಗೆ ಬರಿ ಒಂದು ನಗೆ.

ಸಂಜೆ ಅಂಗಡಿಯಿಂದ ಅರುಣಕುಮಾರ ಮೊಬೈಲು ಹಿಡಿದುಕೊಂಡೇ ಒಳಗೆ ಬಂದ. "ಮೈಸೂರಿನವರು ಬರದಾರ ನೋಡ. ಇಂಥ ಊಟ ಎಲ್ಲೂ ಉಂಡಿಲ್ಲ ಅಂತ. ಕ್ಲಾಸಿನಾಗ ಏನ ಅದ ವಿದ್ಯಾ? ಖಾನಾವಳಿ ತಗಿ. ಅವ್ವ ಬಡೀತಾಳ, ನೀ ನೀಡು." ಮಾತು ಮುಗಿಯಿತು ಅಂದುಕೊಂಡು ಚಾಪೆಯ ಮೇಲೆ ಕೂತ. "ಭಾಳ ಹಸಿವಾಗೇದ. ತಾಟ ತಾ."

ವಿದ್ಯಾವತಿ ತಾಟು ತರಲಿಲ್ಲ. ಹಿಟ್ಟಿನ ಪರಾತ ತಂದು ಗಂಡನ ಮುಂದೆ ಇಟ್ಟಳು.

"ಏನಿದು?"

"ಕೈ ತೊಳಕೊಂಡ ಬರ್ರಿ. ಬಡ್ಕೊಂಡ ಉಣ್ರಿ."

ಮುರಿಗೆವ್ವ ಏಳಲು ಹೋದಳು. "ಕುಂದರ್ರಿ ಅತ್ತಿ," ಎಂದಳು ಸೊಸೆ. ಆ ದನಿಗೆ ಅತ್ತೆ ಅಲ್ಲೇ ಕೂತಳು. ಅರುಣಕುಮಾರ ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಎದ್ದು ಹೋಗಿ ಕೈ ತೊಳೆದು ಬಂದ. ಅವನ ರೊಟ್ಟಿ ಎತ್ತುವಷ್ಟರಲ್ಲೇ ನಡುವೆ ಹರಿದು ಬಿತ್ತು.

"ಮತ್ತ ನಾದ್ರಿ," ಎಂದಳು ವಿದ್ಯಾವತಿ.